ಎಡಗಡೆಯ ದವಡೆ

"ನಿಮ್ಮ ಮಗನಿಗೆ ಎಡಗಡೆ ಕೆಳಗಿನ ದವಡೆಹಲ್ಲುಗಳು ಇದ್ವಾ, ಇರಲಿಲ್ವಾ? ಯೋಚನೆ ಮಾಡಿ ಹೇಳಿ."

ಚಾಮರಾಜನಗರದ ಆಸ್ಪತ್ರೆಯ ಮೇಜಿನ ಮೇಲೆ, ಪಿಂಗಾಣಿ ತಟ್ಟೆಯಲ್ಲಿ, ಒಂದು ದವಡೆಮೂಳೆ. ಪುಣಜನೂರಿನ ಕಾಡಿನಲ್ಲಿ ಸಿಕ್ಕಿದ ಅಸ್ಥಿಪಂಜರದ್ದು. ಅದೇ ಕಾಡಿಗೆ ಬಿದಿರು ಕಡಿಯಲು ಹೋದ ಮುದ್ದಯ್ಯ ನಾಲ್ಕು ವರ್ಷದಿಂದ ಪತ್ತೆಯಿಲ್ಲ. ಅದಕ್ಕೇ ಪೊಲೀಸರು ಅವನ ತಾಯಿ ಪುಟ್ಟಮಾದಮ್ಮನನ್ನೂ ಹೆಂಡತಿ ಚಾಮುಂಡಿಯನ್ನೂ ಕರೆಸಿದ್ದರು.

ಹಲ್ಲಿನ ಡಾಕ್ಟರು ಮಹದೇವಯ್ಯನವರಿಗೆ ಇಂಗ್ಲಿಷ್ ಪದ ನಾಲಿಗೆಗೆ ಬಂದರೆ ತಡೆಯುವುದೇ ಕಷ್ಟ. "ಇದು ಸಾಕೆಟ್ಟು, ಹಲ್ಲು ಕೂರುವ ಗೂಡು. ಹಲ್ಲು ಹೋದರೆ ಗೂಡು ಮೂಳೆಯಿಂದ ತುಂಬಿಕೊಳ್ಳುತ್ತೆ, ಆಮೇಲೆ ದವಡೆಯೇ ಸವೆಯುತ್ತೆ. ರಿಸಾರ್ಪ್ಷನ್ ಅಂತೀವಿ. ಅಮೆರಿಕದಲ್ಲಿ ಈಗ ದವಡೆಗೇ ಲೋಹ ಕೂರಿಸಿ ಹಲ್ಲು ಕಟ್ಟುತ್ತಾರಂತೆ, ಇಂಪ್ಲಾಂಟ್! ಇಷ್ಟು ಸವೆದಿದ್ದರೆ ಅದೂ ಕಷ್ಟ."

"ಅಮೇರಿಕ ಕಟ್ಕಂಡು ನಮ್ಗೇನು ಬುದ್ಧಿ? ನನ್ ಮಗ ಸತ್ತವ್ನಾ ಇಲ್ವಾ, ಅಷ್ಟ್ ಯೋಳಿ."

"ಅದನ್ನ ನೀವೇ ಹೇಳಬೇಕಮ್ಮ. ಸಾಯೋದಕ್ಕೆ ಎಷ್ಟೋ ವರ್ಷ ಮೊದಲೇ ಈ ಮನುಷ್ಯನಿಗೆ ಇಲ್ಲಿ ಎರಡು ಹಲ್ಲಿರಲಿಲ್ಲ. ನಿಮ್ಮ ಮಗನಿಗೆ ಇತ್ತು ಅಂದರೆ, ಇವನು ಬೇರೆ ಯಾರೋ."

ಚಾಮುಂಡಿ ತಟ್ಟೆಯಲ್ಲಿದ್ದ ದವಡೆಯನ್ನು ನೋಡಿದಳು. ಮುದ್ದಯ್ಯನ ಹಲ್ಲುಗಳು ಕಲ್ಲಿನಂಥವು. ಮನೆ ಬಿಡುವ ಹಿಂದಿನ ದಿನ ಕೂಡ ಆ ದವಡೆಯಲ್ಲೇ ಕಬ್ಬು ಸಿಗಿದು ತಿಂದಿದ್ದ. ಅಂದಮೇಲೆ ಇದು ಅವನಲ್ಲ. ಅವನಲ್ಲವೆಂದರೆ, ತನ್ನನ್ನು ಕಟ್ಟಿಕೊಳ್ಳಲು ಒಪ್ಪಿದ್ದ ಉಮ್ಮತ್ತೂರಿನ ಚಿಕ್ಕಬೀರಯ್ಯನ ಆಸೆಯನ್ನೂ ಬಿಡಬೇಕು. ಗಂಡ ಬಿಡುಗಡೆ ಕೊಡಬೇಕು, ಇಲ್ಲ ಸತ್ತಿರಬೇಕು, ಆಗಲೇ ಕೂಡಾವಳಿ, ಎರಡನೇ ಮದುವೆ, ಎಂದು ಕುಲದ ಯಜಮಾನರು ಅತ್ತೆಯ ಎದುರಿಗೇ ಕಡ್ಡಿ ಮುರಿದಂತೆ ಹೇಳಿದ್ದರು. ಹಾಳು ಬದುಕು! ಸುಳ್ಳು ಹೇಳುವ ಧೈರ್ಯವೂ ಅವಳಿಗಿರಲಿಲ್ಲ. "ಬುದ್ಧಿ, ಅವ್ರಿಗೆ ಹಲ್ಲೆಲ್ಲ..." ಎಂದು ಬಾಯಿ ತೆರೆದಳು.

ಪುಟ್ಟಮಾದಮ್ಮ ಸೊಸೆಯ ಮಣಿಕಟ್ಟನ್ನು ಬಳೆ ಒತ್ತುವಂತೆ ಹಿಡಿದಳು. "ಇರ್ನಿಲ್ಲ ಬುದ್ಧಿ. ಎಡಗಡೆವು ಎರಡೂ ಇರ್ನಿಲ್ಲ. ಉಳ ತಿಂದು ಒಂಟೋಗಿದ್ದೋ."

"ಸರಿಯಾಗಿ ನೆನಪಿದೆಯಾ?"

"ಹೆತ್ತೋಳ್ಗೆ ಗೊತ್ತಾಗಾಕಿಲ್ವಾ?"

ಡಾಕ್ಟರು ಚಾಮುಂಡಿಯ ಕಡೆ ತಿರುಗಿದರು. "ಹೆಂಡತಿ ನೀನು. ನೀನೇನಮ್ಮ ಹೇಳ್ತೀಯ?"

ಬಾಗಿಲಲ್ಲಿ ನಿಂತ ಪೊಲೀಸ್ ದಫೇದಾರ ಅವಳನ್ನೇ ನೋಡುತ್ತಿದ್ದ. ಅತ್ತೆ ಹಿಡಿದ ಮಣಿಕಟ್ಟನ್ನು ಇನ್ನೂ ಬಿಟ್ಟಿರಲಿಲ್ಲ. ಹೆತ್ತವಳ ಬಾಯಿಂದ ಮಗ ಸತ್ತ ಎನ್ನುವುದೇನು ಹುಡುಗಾಟವೇ!

"ಊ ಬುದ್ಧಿ, ಇರ್ನಿಲ್ಲ" ಎಂದಳು ಚಾಮುಂಡಿ.

ಮಣ್ಣು ಮಾಡಲೆಂದು ದಫೇದಾರ ಮೂಳೆಗಳನ್ನು ಚೀಲಕ್ಕೆ ಹಾಕಿಕೊಟ್ಟ. ಆಸ್ಪತ್ರೆಯ ಹೊರಗೆ ಹೊಂಗೆ ಮರದಡಿ ಪುಟ್ಟಮಾದಮ್ಮ ಯಾರದೋ ಮಗನ ಆ ಮೂಳೆಗಳನ್ನು ಮಡಿಲಲ್ಲಿಟ್ಟುಕೊಂಡು ಬಾಯಿ ಬಡಿದುಕೊಂಡು ಅತ್ತಳು. ಅತ್ತು ಸಾಕಾದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಬುಟ್ಟೋದೋನ ಎಸ್ರಲ್ಲಿ ನೀನ್ ಯಾಕಮ್ಮಿ ಬೇಯ್ಬೇಕು? ನಡಿ, ಬಸ್ ಬತ್ತದೆ" ಎಂದಳು.

ಚಾಮುಂಡಿ ಮೂಳೆಯ ಚೀಲವನ್ನು ನೋಡಿದಳು. "ಅತ್ತೆ, ನಾಳೀಕೆ ಅವ್ರು ಬಂದ್ಬುಟ್ರೆ?"

"ಬರ್ಲಿ ಕಣಮ್ಮಿ, ಉಣ್ಣಕ್ ಇಕ್ತೀನಿ. ಸತ್ತೋರ್ಗೆ ಎಡೆ ಇಕ್ಕಾಕಿಲ್ವಾ?"