ಮರುಕೂಗು

ಹುಬ್ಬಳ್ಳಿಯಲ್ಲಿ ನಿಂತು ಗದಗಿನ ಸಿಗ್ನಲ್ ಮೇಲೆ ಕೂತ ನೊಣದ ಕಾಲು ಎಣಿಸಿದವನು ನಾನು. ಮೂವತ್ತು ವರ್ಷ ರೈಲು ಓಡಿಸಿದ ಈ ಕಣ್ಣುಗಳಿಗೆ ಹದ್ದುಗಳೇ ಬಂದು ನಮಸ್ಕಾರ ಹಾಕಿ ಹೋಗುತ್ತಿದ್ದವು.

ಆರು ತಿಂಗಳ ಹಿಂದೆ ಜ್ವರ ಬಂದು ಹೋದಾಗ ಖಾಸಗಿ ಡಾಕ್ಟರೊಬ್ಬರು ಏನೋ ಹೇಳಿದರು. ಕಣ್ಣು ಚೆನ್ನಾಗಿದೆಯಂತೆ, ಅದನ್ನು ಒಂದು ಕಡೆ ನಿಲ್ಲಿಸುವ ಮಿದುಳು ಹದ ತಪ್ಪಿದೆಯಂತೆ. ಮಿದುಳು ಮತ್ತೆ ಕಲಿತುಕೊಂಡರೆ ಸರಿ, ಇಲ್ಲದಿದ್ದರೆ ರೈಲು ಬಿಡಬೇಕಂತೆ. ನನ್ನ ಮಿದುಳು ಒಂದೇ ವಾರದಲ್ಲಿ ಎಲ್ಲ ಕಲಿತು ಉಳಿದವರಿಗೂ ಪಾಠ ಹೇಳುತ್ತಿದೆ ಎಂದು ಊರೆಲ್ಲ ಸಾರಿದೆ.

ಎಂಜಿನ್‌ನಲ್ಲಿ ಒಂದು ನಿಯಮವಿದೆ. ಸಿಗ್ನಲ್ ಕಂಡೊಡನೆ ಸಹಾಯಕ ಅದರ ಬಣ್ಣ ಕೂಗಬೇಕು. ಚಾಲಕನೂ ನೋಡಿ ಅದನ್ನೇ ಮರಳಿ ಕೂಗಬೇಕು.

"ಹಸಿರು, ಸರ!" ಎಂದ ಇವತ್ತು ನನ್ನ ಸಹಾಯಕ ಗವಿಸಿದ್ದ.

"ಹಸಿರು!" ಎಂದೆ. "ನೀ ಬಾಯಿ ತೆಗ್ಯೂಕಿಂತ ಮೊದ್ಲ ಕಂಡೈತಲೇ ನನಗ."

ಮುಂದಿನ ಸಿಗ್ನಲ್ ಬಂತು.

"ಹಳದಿ, ಸರ!"

"ಹಳದಿ! ಕುಂಬಳ ಹೂವಿನಂಥಾ ಹಳದಿ!" ಎನ್ನುತ್ತ ವೇಗ ಇಳಿಸಿದೆ.

ಗವಿಸಿದ್ದ ನನ್ನ ಮುಖವನ್ನೇ ನೋಡುತ್ತಿದ್ದ.

"ಸರ, ಅದು ಹಸಿರೇ ಇತ್ರಿ. ಬೇಕಂತನ ಸುಳ್ಳು ಹೇಳ್ದೆ."

"ತಮಾಷಿ ಮಾಡ್ತೀಯೇನಲೇ?"

"ಹಿಂದ ಸಾವಿರ ಮಂದಿ ಕುಂತಾರ್ರಿ, ಸರ. ಖರೇ ಹೇಳ್ರಿ."

ನಾನು ಗಾಡಿ ನಿಲ್ಲಿಸಿದೆ.

"ಒಂದು ದೀಪ ಹತ್ತಾಗಿ ಕುಣೀತೈತೋ ತಮ್ಮಾ, ಬಣ್ಣ ತಿಳಿಯಂಗಿಲ್ಲ. ಆರು ತಿಂಗಳಿಂದ ನಿನ್ನ ದನಿ ಕೇಳಿ ಗಾಡಿ ಓಡ್ಸಾಕತ್ತೀನಿ."