ಧಣಿಯ ಡಬ್ಬಿ

"ನಾಳೆಯಿಂದ ನೀನು ಬರುವುದು ಬೇಡ," ಎಂದ ಪೂವಪ್ಪ.

ಗಲ್ಲಾದ ಮುಂದೆ ನಿಂತಿದ್ದ ಚೆನ್ನಯ ಹೆಗಲ ಮೇಲಿನ ಬಟ್ಟೆ ತೆಗೆದ, ಮಡಚಿದ, ಕೈಯಲ್ಲಿ ಹಿಡಿದುಕೊಂಡ. ಹೊರಡಲಿಲ್ಲ.

ವಡಾಲ ಸ್ಟೇಷನ್ನಿನ ಹತ್ತಿರದ ಆ ಹೋಟೆಲಿನಲ್ಲಿ ಮಧ್ಯಾಹ್ನದ ಗಿರಾಕಿಗಳ ಗದ್ದಲ ಆಗಷ್ಟೇ ಇಳಿದಿತ್ತು. ಫ್ಯಾನು ತಿರುಗುವ ಸದ್ದು ಕೇಳುತ್ತಿತ್ತು. ಸಪ್ಲೈಯರುಗಳು, ತಟ್ಟೆ ತೊಳೆಯುವವರು, ದೋಸೆ ಹೊಯ್ಯುವ ಭಟ್ಟರು, ಎಲ್ಲರೂ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದರು.

"ಹೋಗುವುದು ಆಮೇಲೆ ನೋಡುವ, ಧಣಿ. ನಮ್ಮ ಊಟದ ಮಾತು ಮೊದಲು ಮುಗಿಯಲಿ."

ಮಾತು ಇಷ್ಟೇ. ಗಿರಾಕಿಗಳಿಗೆ ಒಂದು ಅಡುಗೆ, ಕೆಲಸದವರಿಗೆ ಹಿಂದಿನ ಒಲೆಯ ಹಂಡೆಯಲ್ಲಿ ಬೇರೆ ಅಡುಗೆ. ಬಡಿಸುವುದನ್ನೇ ನಾವೂ ಉಣ್ಣಬೇಕು ಎಂದು ಚೆನ್ನಯ ಹಟ ಹಿಡಿದಿದ್ದ. ಇವತ್ತು ಅವನನ್ನು ಹೊರಗೆ ಹಾಕಿದರೆ ಉಳಿದವರಲ್ಲಿ ಒಬ್ಬನೂ ಇನ್ನು ತಲೆ ಎತ್ತುವುದಿಲ್ಲ. ಅದು ಪೂವಪ್ಪನಿಗೆ ಗೊತ್ತಿತ್ತು. ಚೆನ್ನಯನಿಗೂ ಗೊತ್ತಿತ್ತು.

"ಬಟ್ಟೆ ಗಿರಣಿಯವರು ಸ್ಟ್ರೈಕ್ ಮಾಡಿ ಎಂತ ಆದರು, ಕಣ್ಣಾರೆ ನೋಡಿದಿಯಲ್ಲ ಮಾರಾಯ? ಅವರಿಂದ ಕಲಿತದ್ದಾ ಇದು?"

"ಹಸಿವನ್ನು ಯಾರೂ ಕಲಿಸಬೇಕಾಗಿಲ್ಲ, ಧಣಿ."

ಬಾಗಿಲಲ್ಲಿ ಯಾರೋ ಕೆಮ್ಮಿದರು.

ಪೂವಪ್ಪನಿಗೆ ಮೈಯುರಿಯಿತು. "ನಾನು ಕೋಟೆ ಏರಿಯಾದ ಹೋಟೆಲಿನಲ್ಲಿ ತಟ್ಟೆ ತೊಳೆದವ. ಟೇಬಲ್ ಒರೆಸಿದವ, ಸಪ್ಲೈ ಮಾಡಿದವ, ಮೆಟ್ಟಿಲು ಮೆಟ್ಟಿಲೇ ಹತ್ತಿ ಈ ಕುರ್ಚಿಗೆ ಬಂದವ. ಅಷ್ಟು ವರ್ಷವೂ ಕೆಲಸದವರ ಹಂಡೆಯದ್ದೇ ಉಂಡದ್ದು. ಆ ಅನ್ನವನ್ನು ಕಣ್ಣು ಕಟ್ಟಿ ಬಾಯಿಗಿಟ್ಟರೂ ಗುರುತು ಹಿಡಿಯುತ್ತೇನೆ. ಅಂಥದ್ದನ್ನು ನಾನು ನಿಮಗೆ ಹಾಕಲಿಲ್ಲ."

"ಹಾಗಾದರೆ ಒಂದು ದಿನ ನಮ್ಮೊಟ್ಟಿಗೆ ಕೂತು ಉಣ್ಣಿ."

"ನನ್ನ ಊಟ ಮನೆಯಿಂದ ಬರುತ್ತದೆ. ಹೋಗು, ತಾ. ಕಡೆಯ ಸಲ ಇದೊಂದು ಕೆಲಸ ಮಾಡಿ ಹೋಗು."

ಹೋಟೆಲಿನ ಖಾರ, ಸೋಡಾ ಪೂವಪ್ಪನ ಹೊಟ್ಟೆಗೆ ಆಗುತ್ತಿರಲಿಲ್ಲ. ಡಾಕ್ಟರು ಹೇಳಿದಂದಿನಿಂದ ಹೆಂಡತಿ ಶೀಲಾವತಿಯ ಡಬ್ಬಿ ಅಂಧೇರಿಯಿಂದ ಲೋಕಲ್ ರೈಲಿನಲ್ಲಿ ಬರುತ್ತಿತ್ತು. ಡಬ್ಬಾವಾಲಾ ಖಂಡಪ್ಪ ಅದನ್ನು ಅಡುಗೆಮನೆಯ ಹಿಂಬಾಗಿಲಲ್ಲಿ ಇಟ್ಟು ಹೋಗುತ್ತಿದ್ದ. ಅಲ್ಲಿಂದ ಗಲ್ಲಾಕ್ಕೆ ತರುವುದು ಚೆನ್ನಯನ ಕೆಲಸ.

ಆ ಡಬ್ಬಿಯೂ ಈಗ ಪೂವಪ್ಪನಿಗೆ ನೆಮ್ಮದಿ ಉಳಿಸಿರಲಿಲ್ಲ. ಹೋದ ತಿಂಗಳು ದಾದರಿಗೆ ಸೀರೆ ತರಲು ಬಂದ ಶೀಲಾವತಿ ಹೋಟೆಲಿಗೂ ಹೊಕ್ಕಿದ್ದಳು. ಭಟ್ಟರನ್ನು, ಚೆನ್ನಯನನ್ನು ಮಾತಾಡಿಸಿ, ಹಿಂದಿನ ಒಲೆಯ ತನಕ ಹೋಗಿ ನೋಡಿಕೊಂಡು ಬಂದಿದ್ದಳು. ಮನೆಗೆ ಬಂದವನ ಮುಂದೆ ಅದೇ ರಾಗ.

"ಮದುವೆಯಾದ ಹೊಸತರಲ್ಲಿ ಎಂತ ಹೇಳಿದ್ದಿರಿ, ನೆನಪುಂಟಾ? ನನ್ನದೇ ಹೋಟೆಲಾದರೆ ಎಲ್ಲರಿಗೂ ಒಂದೇ ಅನ್ನ ಅಂತ."

"ಹೋಟೆಲಿನ ಸುದ್ದಿ ನಿನಗೆ ಬೇಡ," ಎಂದಿದ್ದ ಪೂವಪ್ಪ.

ಆಮೇಲೆ ಅವಳು ಆ ಸುದ್ದಿ ಎತ್ತಲಿಲ್ಲ. ಎತ್ತಲಿಲ್ಲ, ಆದರೆ ಡಬ್ಬಿ ಕೆಟ್ಟಿತು. ಅನ್ನ ಮುದ್ದೆ, ಮಧ್ಯೆ ಕಲ್ಲು. ಸಾಂಬಾರಿನಲ್ಲಿ ಬೇಳೆಯನ್ನು ಹುಡುಕಬೇಕು. ಹೆಂಗಸಿನ ಸೇಡು ಎಂದು ಅವನಿಗೆ ಅರ್ಥವಾಯಿತು. ಮನೆಯಲ್ಲಿ ಕೂಗಾಡಿದರೆ ಅವಳು ಮಲ್ಲಿಗೆ ಕಟ್ಟುವ ಕೈ ನಿಲ್ಲಿಸದೆ ಹೇಳುತ್ತಿದ್ದಳು: "ಅಕ್ಕಿ ನೀವು ತಂದದ್ದು, ಬೇಳೆ ನೀವು ತಂದದ್ದು. ನಾನು ಎಂತ ಮಾಡಲಿ? ಬಿಸಿಯಾದರೂ ಇತ್ತಲ್ಲ?"

ಬಿಸಿ ಇರುತ್ತಿತ್ತು. ಅಷ್ಟು ನಿಜ.

ಚೆನ್ನಯ ಡಬ್ಬಿ ತಂದಿಟ್ಟ. ಪೂವಪ್ಪ ಮುಚ್ಚಳ ತೆಗೆದ. ಹಬೆ ಮುಖಕ್ಕೆ ಹೊಡೆಯಿತು. ಅದೇ ಮುದ್ದೆ, ಅದೇ ನೀರು. ಆಗ ಅವನಿಗೊಂದು ಯೋಚನೆ ಬಂತು. ಇವರ ಬಾಯಿ ಮುಚ್ಚಿಸಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ?

"ಬನ್ನಿ, ಎಲ್ಲರೂ ಬನ್ನಿ. ಧಣಿಯ ಊಟ ನೋಡಿ. ಚೆನ್ನಯ, ನೀನೇ ಬಾಯಿಗಿಟ್ಟು ರುಚಿ ಹೇಳು."

ಚೆನ್ನಯ ಒಂದು ತುತ್ತು ಬಾಯಿಗೆ ಹಾಕಿಕೊಂಡ. ಅವಸರ ಮಾಡದೆ ಅಗಿದ.

"ಮನುಷ್ಯರು ಉಣ್ಣುವಂಥದ್ದಲ್ಲ, ಧಣಿ."

"ಜೋರಾಗಿ ಹೇಳು. ಅವರಿಗೂ ಕೇಳಲಿ."

"ಮನುಷ್ಯರು ಉಣ್ಣುವಂಥದ್ದಲ್ಲ."

"ಕೇಳಿದಿರಾ? ಇದನ್ನು ತಿಂದು ನಾನು ಬಾಯಿ ಮುಚ್ಚಿ ಕೂತಿದ್ದೇನೆ. ನಿಮಗೆಲ್ಲ ದೊಡ್ಡ ನಾಲಿಗೆ."

"ಒಂದು ಕೇಳುತ್ತೇನೆ, ಧಣಿ," ಎಂದ ಚೆನ್ನಯ. "ಇಂಥದ್ದನ್ನು ಯಾವನಾದರೂ ಕೆಲಸದವರಿಗೆ ದಿನಾ ಹಾಕಿದರೆ?"

"ಹಾಕಿದರೆ ಅವನು ಈ ಕುರ್ಚಿಯಲ್ಲಿ ಕೂರಲು ಲಾಯಕ್ಕಿಲ್ಲ. ನಾನೇ ಹೇಳುತ್ತೇನೆ, ಅಂಥವನನ್ನು ಬಿಡಬೇಡಿ. ಆಯ್ತಲ್ಲ? ಇನ್ನು ನಡೆ."

ಚೆನ್ನಯ ನಡೆಯಲಿಲ್ಲ. ಬಾಗಿಲಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಭಟ್ಟರು ಮುಖವನ್ನು ಪಂಚೆಯ ತುದಿಯಲ್ಲಿ ಒರೆಸಿಕೊಂಡರು. ಬೆವರೋ ನಗುವೋ ತಿಳಿಯಲಿಲ್ಲ. ಪೂವಪ್ಪ ಒಂದು ಅಗುಳೂ ಮುಟ್ಟದೆ ಡಬ್ಬಿಯನ್ನು ಮುಚ್ಚಿ ಪಕ್ಕಕ್ಕೆ ತಳ್ಳಿದ.

ಅಷ್ಟರಲ್ಲಿ ಖಂಡಪ್ಪ ಡಬ್ಬಿ ವಾಪಸ್ಸು ಒಯ್ಯಲು ಬಂದ. ಎತ್ತಿದವನು ಹಾಗೇ ನಿಂತ.

"ಯಾಕ್ರೀ ಶೇಟ್ರ, ಇವತ್ತ ಡಬ್ಬಿ ಭಾರ ಐತಿ?"

"ಉಣ್ಣಲಿಲ್ಲ. ಅವಳು ಕಳಿಸಿದ್ದನ್ನು ಅವಳಿಗೇ ಒಯ್ದು ಕೊಡು."

ಖಂಡಪ್ಪ ಟೋಪಿ ಸರಿಸಿ ತಲೆ ಕೆರೆದುಕೊಂಡ. "ಅಕ್ಕಾರ ಕಳಿಸಿದ್ದು ಹೆಂಗ ಆಕ್ಕೈತ್ರಿ? ತಿಂಗಳಾತು, ಅವರು ಖಾಲಿ ಡಬ್ಬೀನ ಕೊಟ್ಟ ಕಳಸ್ತಾರ. ನಾ ಹಗುರ ತರ್ತೀನಿ, ಹಗುರ ಒಯ್ತೀನಿ. ಇದರಾಗ ಅನ್ನ ಎಲ್ಲಿಂದ ಬಂತ್ರಿ?"

ಚೆನ್ನಯ ಬಟ್ಟೆಯನ್ನು ಮತ್ತೆ ಹೆಗಲಿಗೇರಿಸಿದ. ಅವನೂ ಭಟ್ಟರೂ ಕೂಡಿ ಹಿಂದಿನ ಒಲೆಯ ಮೇಲಿದ್ದ ಕೆಲಸದವರ ಹಂಡೆಯನ್ನು ಎತ್ತಿ ತಂದು ಗಲ್ಲಾದ ಮುಂದೆ ಇಳಿಸಿ ಮುಚ್ಚಳ ತೆಗೆದರು. ಅದೇ ಮುದ್ದೆ ಅನ್ನ, ಇನ್ನೂ ಹಬೆಯಾಡುತ್ತಿತ್ತು.