ಗುಂಪಿನಲ್ಲಿ ನಿಂತವಳು

ಅರ್ಧ ಸಿನಿಮಾ ಮುಗಿದರೂ ಟೈಲರಮ್ಮ ನಾಯಕ, ನಾಯಕಿಯ ಮುಖವನ್ನು ನೆಟ್ಟಗೆ ನೋಡಿರಲಿಲ್ಲ. ಅವಳ ಕಣ್ಣೆಲ್ಲ ಅವರ ಹಿಂದೆ ಓಡಾಡುವವರ ಮೇಲೆ. ಪರದೇಶದ ಊರೊಂದಕ್ಕೆ ಪ್ರವಾಸ ಹೋದ ಹುಡುಗ, ಹುಡುಗಿ ರೈಲು ತಪ್ಪಿಸಿಕೊಂಡು, ಪೆಟ್ಟಿಗೆ ಅದಲುಬದಲಾಗಿ, ಕಚ್ಚಾಡುತ್ತಲೇ ಒಬ್ಬರಿಗೊಬ್ಬರು ಮನಸೋಲುವ ಕಥೆ. ಥಿಯೇಟರಿಗೆ ಥಿಯೇಟರೇ ಬಿದ್ದು ಬಿದ್ದು ನಗುತ್ತಿತ್ತು.

ಅವಳ ಹಿರಿಮಗಳೂ ಅದೇ ಊರಿಗೆ ಪ್ರವಾಸ ಹೋಗಿ, ಅಲ್ಲಿ ನೆಲೆಸಿದ್ದ ನಮ್ಮ ಭಾಷೆಯವನೊಬ್ಬನನ್ನು ಮೆಚ್ಚಿ ಮದುವೆಯಾಗಿದ್ದಳು. ಹೋದ ವರ್ಷ ಮನೆಯ ಮೆಟ್ಟಿಲಿಂದ ಬಿದ್ದು ತೀರಿಕೊಂಡಳು. ಹೆತ್ತವರಿಗೆ ಕೊನೆಯ ಸಲ ಮುಖ ನೋಡಲೂ ಆಗಲಿಲ್ಲ. ಸಾಯುವುದಕ್ಕೆ ಸ್ವಲ್ಪ ಮುಂಚೆ ಫೋನಿನಲ್ಲಿ ಹೇಳಿದ್ದಳು: "ಅಮ್ಮ, ನಮ್ಮ ಬೀದಿಯಲ್ಲಿ ಶೂಟಿಂಗ್ ಆಯ್ತು. ಗುಂಪಲ್ಲಿ ನಾವಿಬ್ರೂ ನಿಂತಿದ್ವಿ. ಸಿನಿಮಾ ಬಂದಾಗ ನೋಡು."

ಕೊನೆಗೂ ಆ ದೃಶ್ಯ ಬಂತು. ಹಣ್ಣಿನಂಗಡಿ ಮುಂದೆ ನಾಯಕ ಮಂಡಿಯೂರಿ ಉಂಗುರ ಚಾಚಿದ. ಸುತ್ತಲಿನವರು ಚಪ್ಪಾಳೆ ತಟ್ಟಿದರು. ಅಂಚಿನಲ್ಲಿ ಹಳದಿ ಕೋಟು ತೊಟ್ಟ ಮಗಳು, ಪಕ್ಕದಲ್ಲಿ ಅಳಿಯ. ಟೈಲರಮ್ಮ ಗಂಡನ ತೋಳನ್ನು ಗಬಕ್ಕನೆ ಹಿಡಿಯುವಷ್ಟರಲ್ಲಿ ದೃಶ್ಯ ಬದಲಾಯಿತು.

ಕಿರಿಮಗಳೊಂದಿಗೆ ಹೊರಗೆ ಬಂದ ಮೇಲೆ ಗಂಡ ಕಣ್ಣೊರೆಸಿಕೊಂಡ. "ನೋಡಿದ್ಯಾ? ಎಷ್ಟು ಚೆಂದ ಚಪ್ಪಾಳೆ ತಟ್ಟಿದಳು ನನ್ನ ಕೂಸು!"

ಟೈಲರಮ್ಮ ಸೀದಾ ಹೋಗಿ ಮುಂದಿನ ಆಟಕ್ಕೆ ಮೂವರಿಗೂ ಟಿಕೆಟ್ ತಂದಳು. "ಈ ಸಲ ಅವಳ ಕೈ ನೋಡಬೇಡಿ. ಕಣ್ಣು ನೋಡಿ," ಎಂದಳು ಗಂಡನಿಗೂ ಕಿರಿಮಗಳಿಗೂ. ಕಿರಿಮಗಳು ಹಿಂದೆ ಬಂದಳು. ಮುಂದಿನ ವಾರ ಅಳಿಯ ಬರುವವನಿದ್ದ. ಹೆಂಡತಿ ಹೋದ ಮೇಲೂ ತಪ್ಪದೆ ಫೋನು ಮಾಡಿ ಬಾಯ್ತುಂಬ ಅಮ್ಮ, ಅಪ್ಪ ಎನ್ನುತ್ತಿದ್ದವನಿಗೆ ಈ ಕಿರಿಮಗಳನ್ನು ಕೊಡುವುದೆಂದು ಮಾತಾಗಿತ್ತು. ಚಿನ್ನದಂಥ ಹುಡುಗ ಎಂದು ಗಂಡ ತಾನು ಕೆಲಸ ಮಾಡುವ ಬಸ್ ಡಿಪೋದಲ್ಲೆಲ್ಲ ಹೇಳಿಕೊಂಡು ತಿರುಗಿದ್ದ.

ಎರಡನೇ ಆಟದಲ್ಲೂ ಜನ ಅದೇ ಜಾಗಗಳಲ್ಲಿ ನಕ್ಕರು. ಉಂಗುರ ಕಂಡಿತು. ಎಲ್ಲರ ಕೈ ಚಪ್ಪಾಳೆಗೆ ಸೇರಿತು. ಮಗಳ ಕೈ ಮಾತ್ರ ಎದೆಯ ಹತ್ತಿರ ಬಂದು ನಿಂತಿತು. ಅವಳು ಪಕ್ಕದಲ್ಲಿದ್ದ ತನ್ನ ಗಂಡನ ಕಡೆ ತಿರುಗಿದಳು. ಅವನು ಒಂದು ಚೂರು ತಲೆಯಾಡಿಸಿದ. ಆಮೇಲೆ ಚಪ್ಪಾಳೆ ತಟ್ಟಿದಳು.

"ಅದರಲ್ಲೇನಿದೆ?" ಹೊರಗೆ ಗಂಡನ ದನಿ ಕುಗ್ಗಿತ್ತು. "ಹೆಂಡತಿ ಗಂಡನ ಮುಖ ನೋಡೋದೂ ತಪ್ಪಾ?"

"ಅದು ನೋಡೋದಲ್ಲಾರೀ, ಅಪ್ಪಣೆ ಕೇಳೋದು. ಚಪ್ಪಾಳೆ ತಟ್ಟೋಕೂ ಹೆದರ್ತಿದ್ದವಳು ಮೆಟ್ಟಿಲಿಂದ ಹೇಗೆ ಬಿದ್ದಳು? ಒಂದ್ಸಲ ಆದ್ರೂ ಕೇಳಿದ್ರಾ ಅವನನ್ನ?"

"ಮಾತು ಕೊಟ್ಟಾಗಿದೆ ಕಣೇ..."

ಅಷ್ಟರಲ್ಲಿ ಗಂಡನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ತೆಗೆದು ನೋಡಿದ; ಅಳಿಯ. ಬೆರಳು ಒತ್ತುವ ಮೊದಲೇ, ಅಲ್ಲಿಯವರೆಗೆ ಗೋಡೆಗೊರಗಿ ನಿಂತಿದ್ದ ಕಿರಿಮಗಳು ಓಡಿಬಂದು ಅವನ ಕೈ ಹಿಡಿದುಕೊಂಡಳು.

"ಎತ್ತಬೇಡಿ ಅಪ್ಪ," ಎಂದಳು. "ಇಲ್ಲಿಯ ಗದ್ದಲ ಭಾವಂಗೆ ಕೇಳಿಸುತ್ತೆ. ಮನೆ ಬಿಟ್ಟು ಎಲ್ಲೂ ಹೋಗಿಲ್ಲ ಅಂತ ಹೇಳಿದ್ದೀನಿ."